ಮೂಲೆಯಲ್ಲಿ ಕುಳಿತ ಆಟಗಾರ



ಮಗಳ ಮನೆಗೆಂದು ಮೆಲ್ಬರ್ನ್ ನಗರಕ್ಕೆ ಹೋಗಿದ್ದಾಗ ಒಂದು ಸಂಜೆ ಮೊಮ್ಮಗನೊಡನೆ ಪಾರ್ಲಿಮೆಂಟ್ ಗಾರ್ಡನ್ಸ್ ಎಂಬ ಉದ್ಯಾನದಲ್ಲಿ ಅಡ್ಡಾಡುತ್ತಿದ್ದೆ. ಅಲ್ಲಿ ದಂಪತಿಗಳಿಬ್ಬರ ಪ್ರತಿಮೆಯೊಂದಿದೆ. ಯಾರಿರಬಹುದೆಂದು ನಾನು ನಿಂತು ನೋಡುತ್ತಿರಲು ಮೊಮ್ಮಗ, "ತಾತ, ಇವರು ಫುಟಿ ಆಡ್ತಿದ್ರು, ಆಮೇಲೆ ಗವರ್ನರ್ ಆದ್ರು" ಎಂದ. ಚೆಂಡಾಟದವನೊಬ್ಬ ರಾಜ್ಯಪಾಲನಾದನೇ ಎಂದು ಕುತೂಹಲವಾಯಿತು. ಮನೆಗೆ ಬಂದು ಓದತೊಡಗಿದವನು ಅನೇಕ ದಿನ ಅದರಲ್ಲಿಯೇ ಮುಳುಗಿದೆ. ಆ ವ್ಯಕ್ತಿಯ ಹೆಸರು ಸರ್ ಡಗ್ ನಿಕೋಲ್ಸ್. ಅವರ ಕಥೆಯನ್ನು ನಿಮಗೂ ಹೇಳಬೇಕೆಂದು ಈ ಬರಹ. ಇದರ ಕೊನೆಯಲ್ಲಿ ನನ್ನದೊಂದು ಹಳೆಯ ಋಣದ ಮಾತೂ ಇದೆ.

ಮೊದಲು ಆಟದ ವಿಚಾರ. ಅಲ್ಲಿಯವರು ಫುಟಿ ಎಂದು ಕರೆಯುವ ಆಸ್ಟ್ರೇಲಿಯನ್ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಇದರ ನಿಯಮಗಳನ್ನು ಮೊದಲು ಬರೆದಿಟ್ಟದ್ದು 1859ರಲ್ಲಿ, ಮೆಲ್ಬರ್ನಿನಲ್ಲಿ. ಮೈದಾನ ಮೊಟ್ಟೆಯಾಕಾರದ್ದು, ಬಹುಮಟ್ಟಿಗೆ ಕ್ರಿಕೆಟ್ ಮೈದಾನವೇ. ಚೆಂಡೂ ಮೊಟ್ಟೆಯಾಕಾರದ್ದೇ. ಪ್ರತಿ ಪಕ್ಷದಲ್ಲಿ 18 ಆಟಗಾರರು. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಆರು ಅಂಕ, ಪಕ್ಕದ ಕಂಬಗಳ ನಡುವೆ ಹೋದರೆ ಒಂದೇ ಅಂಕ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕಳುಹಿಸಬಹುದು. ಎದುರಾಳಿಯ ಹೆಗಲ ಮೇಲೇರಿ ಚೆಂಡು ಹಿಡಿಯುವ ಆಳೆತ್ತರದ ಗಟ್ಟಿಗರ ಆಟವಿದು.

ಇಂಥ ಆಟದಲ್ಲಿ ನಿಕೋಲ್ಸರ ಎತ್ತರ ಐದು ಅಡಿ ಎರಡು ಅಂಗುಲ ಮಾತ್ರ! ಎತ್ತರದಲ್ಲಿ ಸೋತದ್ದನ್ನು ಅವರು ವೇಗದಲ್ಲಿ ಗೆದ್ದರು.

ಅವರು ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂ ಸೌತ್ ವೇಲ್ಸ್ ರಾಜ್ಯದ ಅಂಚಿನಲ್ಲಿ, ಮರ್ರೆ ನದಿಯ ದಡದ ಕಮ್ಮರಗಂಜ ಎಂಬಲ್ಲಿ. ಅದು ಮೂಲನಿವಾಸಿಗಳನ್ನು ಸರಕಾರದ ಹಿಡಿತದಲ್ಲಿ ಇರಿಸಿದ್ದ ವಸತಿ. ಡಗ್ ಯೋರ್ಟಾ ಯೋರ್ಟಾ ಜನಾಂಗದವರು. ಮೂಲನಿವಾಸಿ ಮಕ್ಕಳನ್ನು ತಾಯಿತಂದೆಗಳಿಂದ ಬೇರ್ಪಡಿಸಿ ಸರಕಾರಿ ಆಶ್ರಯಗಳಿಗೆ ಒಯ್ಯುವುದು ಆ ಕಾಲದ ಕಾನೂನಿಗೆ ಸಮ್ಮತವಾಗಿತ್ತು. ಡಗ್ ಎಂಟು ವರ್ಷದವರಿದ್ದಾಗ ಅವರ ಅಕ್ಕ ಹಿಲ್ಡಾಳನ್ನು ಪೊಲೀಸರು ಅವರ ಕಣ್ಣೆದುರೇ ಎಳೆದೊಯ್ದರು. ಹದಿಮೂರನೆಯ ವಯಸ್ಸಿಗೆ ಬಾಲಕ ಶಾಲೆ ತೊರೆದು ಕುರಿಹಟ್ಟಿಗಳಲ್ಲಿ ದುಡಿಯತೊಡಗಿದ. ಉಣ್ಣೆ ಕತ್ತರಿಸುವಾಗ ಕುರಿಗಳ ಮೈಗೆ ಆಗುವ ಗಾಯಗಳಿಗೆ ಟಾರು ಹಚ್ಚುವುದು ಅವನ ಕೆಲಸ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಕಮ್ಮರಗಂಜದ ಶಾಲೆಯಲ್ಲಿ ಡಗ್‌ಗೆ ಅಕ್ಷರ ಕಲಿಸಿದ ಗುರುಗಳು ಥಾಮಸ್ ಶಾದ್ರಕ್ ಜೇಮ್ಸ್. ಮಾರಿಷಸ್ ದ್ವೀಪದಲ್ಲಿ ಭಾರತೀಯ ತಾಯಿತಂದೆಗಳಿಗೆ ಜನಿಸಿದವರು! ಆಸ್ಟ್ರೇಲಿಯಕ್ಕೆ ಬಂದು, ಮೂಲನಿವಾಸಿಗಳ ನಡುವೆ ನೆಲೆಸಿ, ಅವರಲ್ಲಿಯೇ ವಿವಾಹವಾಗಿ, ನಾಲ್ಕು ದಶಕಗಳ ಕಾಲ ಅವರ ಮಕ್ಕಳಿಗೆ ಪಾಠ ಹೇಳಿದರು. ಮೂಲನಿವಾಸಿಗಳ ಹಕ್ಕಿಗಾಗಿ ಹೋರಾಡಿದ ಮೊದಲ ತಲೆಮಾರಿನ ನಾಯಕರಲ್ಲಿ ಹಲವರು ಈ ಮೇಷ್ಟರ ಶಿಷ್ಯರೇ. ಅವರಲ್ಲಿ ಹಿರಿಯರಾದ ವಿಲಿಯಂ ಕೂಪರರ ತಂಗಿ ಏಡಾ ಜೇಮ್ಸರ ಪತ್ನಿ. ನದಿಯಂಚಿನ ಒಂದು ಸಣ್ಣ ಶಾಲೆಯಿಂದ ಇಷ್ಟು ಆಗಬಹುದಾದರೆ ನಮ್ಮ ವೃತ್ತಿಯನ್ನು ಹಗುರವಾಗಿ ಕಾಣಬೇಕಾಗಿಲ್ಲ.

ಆಟದ ಬಲವನ್ನೇ ನಂಬಿ 1927ರಲ್ಲಿ ಡಗ್ ಮೆಲ್ಬರ್ನಿಗೆ ಬಂದು ಕಾರ್ಲ್ಟನ್ ತಂಡದಲ್ಲಿ ಅಭ್ಯಾಸಕ್ಕೆ ಸೇರಿದರು. ಅಭ್ಯಾಸದ ಅನಂತರ ಆಟಗಾರರಿಗೆ ಮೈ ತಿಕ್ಕಿ ನೀವಲು ತಂಡದಲ್ಲಿ ಸಹಾಯಕರಿರುತ್ತಿದ್ದರು. ಆ ಸಹಾಯಕರು ಕಪ್ಪು ಮೈಯನ್ನು ಮುಟ್ಟಲು ಒಪ್ಪಲಿಲ್ಲ. ವಾಸನೆ ಬರುತ್ತದೆಂದು ನೆಪ ಹೇಳಿದರು. ಡಗ್‌ಗೆ ತಂಡದಲ್ಲಿ ಸ್ಥಾನ ದೊರೆಯಲಿಲ್ಲ. ಇದನ್ನು ಓದುವಾಗ, ಮುಟ್ಟುವುದು, ಮುಟ್ಟದಿರುವುದು ನಮ್ಮ ದೇಶದ ರೋಗ ಮಾತ್ರವೆಂದು ತಿಳಿದಿದ್ದ ನನಗೆ ತಲೆ ತಗ್ಗಿತೇ ವಿನಾ ಸಮಾಧಾನವಾಗಲಿಲ್ಲ.

ಡಗ್ ಊರಿಗೆ ಹಿಂದಿರುಗಲಿಲ್ಲ. ಕೆಳಗಿನ ಹಂತದ ನಾರ್ತ್‌ಕೋಟ್ ತಂಡವನ್ನು ಸೇರಿದರು. 1929ರಲ್ಲಿ ಆ ತಂಡ ತನ್ನ ವಿಭಾಗದ ಪ್ರಶಸ್ತಿ ಗೆದ್ದಾಗ ಅವರ ಹೆಸರು ಮನೆಮಾತಾಗಿತ್ತು. ಅದೇ ವರ್ಷ ವಾರಕ್‌ನಬೀಲ್ ಎಂಬ ಊರಿನ ಬಹುಮಾನದ ಓಟವನ್ನೂ ಗೆದ್ದರು. 1931ರಲ್ಲಿ ಜೀವನೋಪಾಯಕ್ಕಾಗಿ ಊರೂರು ತಿರುಗುವ ಷರ್ಮನ್ನರ ಡೇರೆಯ ಸಂಗಡ ಹೋಗಿ ಮುಷ್ಟಿಯುದ್ಧವನ್ನೂ ಆಡಿದರು. ಆಗ ವೃತ್ತಿಪರ ಆಟಗಾರನೆಂದರೆ ಇಂದಿನ ಕೋಟ್ಯಧಿಪತಿಯಲ್ಲ. 1930ರಲ್ಲಿ ಬಂದ ನಿಯಮದಂತೆ ದೊಡ್ಡ ಲೀಗಿನ ಆಟಗಾರನಿಗೂ ಒಂದು ಪಂದ್ಯಕ್ಕೆ ಮೂರು ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ.

ಕೊನೆಗೆ 1932ರಲ್ಲಿ ದೊಡ್ಡ ಲೀಗಿನ ಫಿಟ್ಜ್‌ರಾಯ್ ತಂಡದ ಬಾಗಿಲು ತೆರೆಯಿತು. ಹಳೆಯ ಅನುಭವದಿಂದ ನೊಂದಿದ್ದ ಡಗ್ ಉಡುಪು ಬದಲಿಸುವ ಕೋಣೆಯ ಮೂಲೆಯಲ್ಲಿ ಒಬ್ಬರೇ ಕುಳಿತಿದ್ದರಂತೆ. ಆಗ ಅವರ ಬಳಿಗೆ ಬಂದು ಜೊತೆಯಾದವರು ಹೇಡನ್ ಬಂಟನ್. ಆ ಲೀಗಿನ ಅತ್ಯುನ್ನತ ಗೌರವವಾದ ಬ್ರೌನ್ಲೋ ಪದಕವನ್ನು ಹಿಂದಿನ ವರ್ಷವಷ್ಟೇ ಗಳಿಸಿದ್ದ, ಮುಂದೆ 1932 ಮತ್ತು 1935ರಲ್ಲಿಯೂ ಗಳಿಸಲಿದ್ದ ಅಪ್ರತಿಮ ಆಟಗಾರ. ಅಂಥವನೇ ಸ್ನೇಹ ಬೆಳೆಸಿದ ಮೇಲೆ ಉಳಿದವರ ಹಿಂಜರಿಕೆ ಎಷ್ಟು ದಿನ ನಿಂತೀತು? 1937ರವರೆಗೆ ಡಗ್ ಫಿಟ್ಜ್‌ರಾಯ್ ಪರವಾಗಿ 54 ಪಂದ್ಯಗಳನ್ನು ಆಡಿದರು. 1935ರಲ್ಲಿ ವಿಕ್ಟೋರಿಯ ರಾಜ್ಯದ ತಂಡಕ್ಕೂ ಆಯ್ಕೆಯಾದರು. ಅನಂತರ ನಾರ್ತ್‌ಕೋಟ್‌ಗೆ ಮರಳಿದರು. ಮೊಣಕಾಲಿನ ನೋವು ಆಟವನ್ನು ನಿಲ್ಲಿಸಿತು.

ಆಟ ನಿಂತರೂ ಆಟದಿಂದ ಬಂದ ಹೆಸರು ನಿಲ್ಲಲಿಲ್ಲ. 1938ರ ಜನವರಿ 26ರಂದು, ಬಿಳಿಯರು ಬಂದಿಳಿದು 150 ವರ್ಷವಾಯಿತೆಂದು ದೇಶ ಸಂಭ್ರಮಿಸುತ್ತಿದ್ದಾಗ, ಮೂಲನಿವಾಸಿಗಳು ಸಿಡ್ನಿಯಲ್ಲಿ ಶೋಕದಿನ ಆಚರಿಸಿದರು. ವಿಲಿಯಂ ಕೂಪರರೊಡನೆ ಅಲ್ಲಿಗೆ ಹೋಗಿ ಮಾತನಾಡಿದವರಲ್ಲಿ ಡಗ್ ಒಬ್ಬರು. ಮುಂದೆ ಅವರು ಕ್ರೈಸ್ತ ಪಾದ್ರಿಯಾಗಿ ಫಿಟ್ಜ್‌ರಾಯ್ ಬಡಾವಣೆಯ ಬಡ ಮೂಲನಿವಾಸಿಗಳ ಸೇವೆಗೆ ನಿಂತರು. ಪತ್ನಿ ಗ್ಲಾಡಿಸ್ ಅವರಿಗೆ ಹೆಗಲೆಣೆಯಾದರು. ಮೂಲನಿವಾಸಿಗಳನ್ನೂ ಜನಗಣತಿಯಲ್ಲಿ ಎಣಿಸಬೇಕು, ಅವರಿಗಾಗಿ ಕೇಂದ್ರ ಸರಕಾರ ಕಾನೂನು ಮಾಡುವಂತಾಗಬೇಕು ಎಂದು 1967ರಲ್ಲಿ ನಡೆದ ಜನಮತಗಣನೆಗಾಗಿ ಶ್ರಮಿಸಿದವರಲ್ಲಿಯೂ ಅವರಿದ್ದರು. ಶೇಕಡ 90ಕ್ಕಿಂತ ಹೆಚ್ಚು ಮತದಾರರು ಅದನ್ನು ಒಪ್ಪಿದರು.

1972ರಲ್ಲಿ ಅವರಿಗೆ ಸರ್ ಪದವಿ ಬಂತು. ಮೂಲನಿವಾಸಿಗಳಲ್ಲಿ ಇದನ್ನು ಪಡೆದವರಲ್ಲಿ ಅವರೇ ಮೊದಲಿಗರು. 1976ರ ಡಿಸೆಂಬರಿನಲ್ಲಿ ದಕ್ಷಿಣ ಆಸ್ಟ್ರೇಲಿಯದ ರಾಜ್ಯಪಾಲರಾದರು. ಅನಾರೋಗ್ಯದಿಂದ 1977ರ ಏಪ್ರಿಲಿನಲ್ಲಿ ಹುದ್ದೆಯನ್ನು ಬಿಡಬೇಕಾಯಿತು. 1988ರ ಜೂನ್ 4ರಂದು ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಹುಟ್ಟೂರು ಕಮ್ಮರಗಂಜದಲ್ಲಿಯೇ. 2016ರಿಂದ ಆ ದೇಶದ ಫುಟ್‌ಬಾಲ್ ಲೀಗ್ ಪ್ರತಿವರ್ಷ ಅವರ ಹೆಸರಿನ ಸುತ್ತಿನ ಪಂದ್ಯಗಳನ್ನು ಆಡಿಸುತ್ತಿದೆ. ಅಂದು ಮೈ ಮುಟ್ಟದೆ ಕಳುಹಿಸಿದ ತಂಡವೂ ಅದರಲ್ಲಿ ಆಡುತ್ತದೆ.

ಇನ್ನು ನನ್ನ ಮಾತು. ನೌಕರಿಗೆ ಸೇರಿದ ಹೊಸತರಲ್ಲಿ ಶಾಲೆಯ ಕಬಡ್ಡಿ ತಂಡವನ್ನು ತಾಲ್ಲೂಕು ಪಂದ್ಯಕ್ಕೆ ಕರೆದೊಯ್ದಿದ್ದೆ. ನಮಗೆ ಊಟವಿಟ್ಟವರ ಮನೆಯಲ್ಲಿ ಹುಡುಗರೆಲ್ಲ ನಡುಮನೆಯಲ್ಲಿ ಕುಳಿತರು. ನಮ್ಮ ತಂಡದ ಅತ್ಯುತ್ತಮ ಆಟಗಾರನಿಗೆ ಮಾತ್ರ ಹೊರಜಗಲಿಯಲ್ಲಿ ಎಲೆ ಹಾಕಿದರು. ಅವನು ಯಾರನ್ನೂ ನೋಡದೆ ತಲೆ ತಗ್ಗಿಸಿ ಉಂಡ. ನಾನು ಕಂಡೆ, ಮೇಷ್ಟರಾದ ನಾನು ಸುಮ್ಮನೆ ಒಳಗೆ ಕುಳಿತು ಉಂಡೆ. ಅಂದಿನ ಪಂದ್ಯವನ್ನು ಅವನೇ ಗೆಲ್ಲಿಸಿಕೊಟ್ಟ. ಮರುವಾರದಿಂದ ಆಟಕ್ಕೆ ಬರಲಿಲ್ಲ. ನಾನೂ ಕಾರಣ ಕೇಳಲಿಲ್ಲ, ಏಕೆಂದರೆ ಕಾರಣ ನನಗೆ ತಿಳಿದಿತ್ತು.

ಬಂಟನ್ ಮಾಡಿದ್ದು ದೊಡ್ಡ ಭಾಷಣವನ್ನಲ್ಲ, ಚಳವಳಿಯನ್ನಲ್ಲ. ಎದ್ದು ಹೋಗಿ ಮೂಲೆಯಲ್ಲಿದ್ದವನ ಜೊತೆಯಾದದ್ದು, ಅಷ್ಟೇ. ನನ್ನ ಎಲೆಯನ್ನು ಎತ್ತಿಕೊಂಡು ಜಗಲಿಗೆ ಹೋಗಲು ನನಗೆ ಹತ್ತು ಹೆಜ್ಜೆ ಸಾಕಾಗಿತ್ತು. ಅದನ್ನು ಇಡದೆ ಹೋದದ್ದು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದರೂ ತೀರದ ಋಣವಾಗಿ ಉಳಿದಿದೆ.

ನಿಮ್ಮಲ್ಲಿ ಅನೇಕರು ಇಂದು ಮೇಷ್ಟರು, ಅಧಿಕಾರಿಗಳು, ಮಕ್ಕಳ ತಂದೆತಾಯಿಗಳು ಆಗಿದ್ದೀರಿ. ನಿಮ್ಮ ಕೋಣೆಗಳಲ್ಲಿಯೂ ಒಂದು ಮೂಲೆ ಇರುತ್ತದೆ, ಅಲ್ಲೊಬ್ಬರು ಕುಳಿತಿರುತ್ತಾರೆ. ನೋಡಿ. ಆ ಹುಡುಗನೇ ಎಲ್ಲಿಯಾದರೂ ಇದನ್ನು ಓದುತ್ತಿದ್ದರೆ, ಅಪ್ಪಾ, ತಡವಾಯಿತು, ಕ್ಷಮಿಸು. ಒಮ್ಮೆ ಮನೆಗೆ ಬಾ. ಜೊತೆಯಲ್ಲಿ ಕುಳಿತು ಊಟ ಮಾಡೋಣ.