ನೀರಿಗೆ ಕೊಟ್ಟ ಎರಡು ಸ್ಟ್ರಾಬೆರಿ ಗಿಡ

ಇವತ್ತಿನ ಕಥೆ ಶುರುವಾಗೋದು ಚಿಕ್ಕಬಳ್ಳಾಪುರದ ನಮ್ಮ ಮನೆ ಟೆರೇಸ್ ಮೇಲೆ. ಆರು ಕುಂಡದಲ್ಲಿ ಸ್ಟ್ರಾಬೆರಿ ಹಾಕಿದ್ದೆ. ಬೇಸಿಗೆಯಲ್ಲಿ ಅಜ್ಜಿ ಕೇಳಿದ್ರು: "ಕುಡಿಯೋ ನೀರಿಗೇ ಟ್ಯಾಂಕರ್ ಕಾಯ್ತೀವಿ, ಇದಕ್ಯಾಕೋ ಹುಯ್ತೀಯಾ?" ಉತ್ತರ ಹುಡುಕ್ತಾ ಹೋದವನು 1714ರಲ್ಲಿ ಹೋಗಿ ನಿಂತೆ.

ಆ ವರ್ಷ ಫ್ರಾನ್ಸಿನ ಸೇನಾ ಎಂಜಿನಿಯರ್ ಅಮೆದೆ ಫ್ರೆಝಿಯೇ, ಚಿಲಿಯ ಕೋಟೆಗಳ ಗೂಢಚಾರಿಕೆ ಮುಗಿಸಿ ಹಡಗು ಹತ್ತಿದ. ಜೊತೆಗೆ ಅಲ್ಲಿನ ದಪ್ಪ ಹಣ್ಣಿನ ಸ್ಟ್ರಾಬೆರಿ ಗಿಡಗಳು. ಆರು ತಿಂಗಳ ಪ್ರಯಾಣ, ಸುತ್ತ ಬರೀ ಉಪ್ಪುನೀರು. ಬದುಕಿ ಬಂದದ್ದು ಐದೇ ಗಿಡ. ಅದರಲ್ಲಿ ಎರಡು, ಕುಡಿಯುವ ನೀರಿನ ಉಸ್ತುವಾರಿ ಇದ್ದ ಹಡಗಿನ ಅಧಿಕಾರಿಯ ಪಾಲಾಯ್ತು. ಬಿಕಾಂ ಓದಿದ ತಲೆ ನನ್ನದು, ತಕ್ಷಣ ಲೆಕ್ಕ ಹಾಕ್ತು: ನೀರಿನ ಬಿಲ್ 40 ಪರ್ಸೆಂಟ್!

ಇಷ್ಟಾದ್ರೂ ಹಣ್ಣು ಸರಿಯಾಗಿ ಬಿಡಲಿಲ್ಲ. ತಂದಿದ್ದೆಲ್ಲಾ ಹೆಣ್ಣು ಗಿಡ. ಪಕ್ಕದಲ್ಲಿ ಉತ್ತರ ಅಮೆರಿಕದ ವರ್ಜೀನಿಯಾ ತಳಿ ಇದ್ದ ಕಡೆ ಪರಾಗ ಸಿಕ್ತು, ಹೊಸ ಮಿಶ್ರತಳಿ ಹುಟ್ಟಿತು. 1766ರಲ್ಲಿ ಅದರ ಮೂಲ ಗುರುತಿಸಿದ್ದು ಇನ್ನೂ ಇಪ್ಪತ್ತು ತುಂಬದ ದ್ಯುಶೇನ್ ಅನ್ನೋ ಹುಡುಗ. ಮಹಾಬಲೇಶ್ವರದಿಂದ ಬರೋ ಡಬ್ಬಿಯಲ್ಲಿರೋದೂ ಅದೇ ವಂಶ.

ಈಗ ನಮ್ಮ ಜಿಲ್ಲೆಗೆ ಬನ್ನಿ. ಉತ್ತರ ಪಿನಾಕಿನಿ ಹುಟ್ಟೋದು ಇಲ್ಲೇ, ಗೌರಿಬಿದನೂರಿನ ಪಕ್ಕದಲ್ಲೇ ಹೋಗುತ್ತೆ. ಆದರೆ ಬಹುಪಾಲು ದಿನ ನದಿಯಲ್ಲಿ ಕಾಣೋದು ಮರಳು. 2016ರ ಮಾರ್ಚ್‌ನಲ್ಲಿ ಇಲ್ಲಿನ ರೈತರು ಶಾಶ್ವತ ನೀರಾವರಿ ಕೇಳ್ಕೊಂಡು ಟ್ರ್ಯಾಕ್ಟರ್‌ಗಳಲ್ಲಿ ಬೆಂಗಳೂರಿನ ದಾರಿ ಹಿಡಿದಿದ್ರು. ಅಂಥ ಊರಲ್ಲಿ ಅಜ್ಜಿಯ ಪ್ರಶ್ನೆ ತಮಾಷೆ ಅಲ್ಲ.

ಸಾವಯವ ಅಂದ್ರೆ ಔಷಧಿ ಹೊಡೆಯದೇ ಇರೋದು ಅಂತ ಮಾತ್ರ ಅಂದ್ಕೊಂಡಿದ್ದೆ. ಗೊಬ್ಬರಕ್ಕೆ ನಮ್ಮಲ್ಲಿ ಕೊರತೆಯೂ ಇಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಮನೆಗಳಲ್ಲಿ ಹುಳದ ಹಿಕ್ಕೆ, ತಿಂದುಳಿದ ಸೊಪ್ಪು ಸಿಗುತ್ತೆ. ಚೆನ್ನಾಗಿ ಕೊಳೆಸಿದ್ರೆ ಒಳ್ಳೆ ಕಾಂಪೋಸ್ಟ್. ಆದರೆ ನೀರು ಎಲ್ಲಿಂದ ಬರುತ್ತೆ ಅನ್ನೋದೂ ಲೆಕ್ಕಕ್ಕೆ ಬರಬೇಕಲ್ವಾ? ಸ್ಟ್ರಾಬೆರಿ ಬೇರು ಆಳಕ್ಕೆ ಇಳಿಯಲ್ಲ, ಮೇಲ್ಮಣ್ಣು ಒಣಗಿದ್ರೆ ಗಿಡ ಬಾಡುತ್ತೆ. ಅದಕ್ಕೆ ಮಣ್ಣಿನ ಮೇಲೆ ರಾಗಿ ಹುಲ್ಲು ಹೊದಿಸ್ದೆ. ಅಕ್ಟೋಬರ್‌ನಲ್ಲಿ ನೆಟ್ಟು, ಚಳಿಗಾಲದಲ್ಲೇ ಹಣ್ಣು ತಗೊಳ್ಳೋದು ಅಂತ ತೀರ್ಮಾನಿಸ್ದೆ.

ಈಗ ಕುಂಡ ಆರಲ್ಲ, ಎರಡೇ. ಅಜ್ಜಿ ದಿನಾ ಅಕ್ಕಿ ತೊಳೆದ ನೀರು ಎಷ್ಟಕ್ಕೆ ಸಾಕಾಗುತ್ತೋ, ಅಷ್ಟೇ ಗಿಡ.