ಬಿದ್ದ ಗರ, ಬಡಿದ ಗರ

ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳಲ್ಲಿ ಬಿಸಿಲೇರಿದ ಹೊತ್ತು ಜಗಲಿಯ ಮೇಲೆ ಚೌಕಾಬಾರ ನಡೆಯುತ್ತಿದ್ದರೆ, ಯಾರ ಕಾಯಿ ಹಣ್ಣಾಯಿತು, ಯಾರದು ಕಡಿಸಿಕೊಂಡು ಮನೆಗೆ ಮರಳಿತು ಎಂಬುದಕ್ಕಿಂತ ಆಡುವವರ ಬಾಯಲ್ಲಿ ಏನು ಬರುತ್ತದೆಂದು ಕಿವಿಗೊಡುವುದು ನಮ್ಮಂಥ ಪದದ ಹುಚ್ಚಿನವರ ಚಾಳಿ. ಐದೈದು ಮನೆಯ ಚೌಕ, ನಾಲ್ಕು ಕವಡೆ, ಎಷ್ಟು ಅಂಗಾತ ಬಿದ್ದವೋ ಅಷ್ಟು ಎಣಿಕೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರಾ. ಬಾರಾ ಎಂಬುದು ಹಿಂದಿ–ಮರಾಠಿಗಳಲ್ಲಿ ಹನ್ನೆರಡು, ಈ ಆಟದಲ್ಲಿ ಅದರ ಬೆಲೆ ಎಂಟು. ಹೆಸರು ಗಡಿ ದಾಟಿ ಬರುವಾಗ ಲೆಕ್ಕವನ್ನು ಅಲ್ಲೇ ಬಿಟ್ಟು ಬಂದದ್ದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗದು. ಆದರೆ ಇವತ್ತು ನಾವು ಬೆನ್ನು ಹತ್ತಬೇಕಾದದ್ದು ಈ ಎಲ್ಲ ಎಣಿಕೆಗಳಿಗೂ ಒಟ್ಟಾಗಿ ಇರುವ ಎರಡಕ್ಷರದ ಹೆಸರನ್ನು: ಗರ. ‘ಬಾರಾ ಬಿತ್ತು ಕನಕ್ಕ, ಇನ್ನೊಂದ್ ಗರ ಹಾಕು’ ಎನ್ನುವಲ್ಲಿನ ಗರ.

ಅದೇ ಜಗಲಿಯಲ್ಲಿ, ಅದೇ ಬಾಯಲ್ಲಿ, ಇನ್ನೊಂದು ಗರವೂ ಇದೆ. ಹೇಳಿದ್ದಕ್ಕೆ ಉತ್ತರ ಕೊಡದೆ ಕಲ್ಲಿನಂತೆ ನಿಂತ ಹುಡುಗನನ್ನು ಕಂಡು ‘ಗರ ಬಡಿದವ್ನಂಗೆ ನಿಂತವ್ನೆ’ ಎನ್ನುತ್ತಾರೆ. ಮೊದಲನೆಯದು ಬೀಳುತ್ತದೆ, ಎರಡನೆಯದು ಬಡಿಯುತ್ತದೆ. ಮೊದಲನೆಯದನ್ನು ನಾವು ಹಾಕುತ್ತೇವೆ, ಎಸೆಯುತ್ತೇವೆ, ಕೆಡವುತ್ತೇವೆ. ಎರಡನೆಯದು ತಾನಾಗಿ ಬಂದು ಹಿಡಿಯುತ್ತದೆ, ಅದನ್ನು ಬಿಡಿಸಬೇಕಾಗುತ್ತದೆ. ನಾಮಪದ ಒಂದೇ ಆಗಿದ್ದರೂ ಕ್ರಿಯಾಪದಗಳು ಮಾತ್ರ ಎರಡು ಕೇರಿಗಳಲ್ಲಿ ಬೇರೆ ಬೇರೆ ಸಂಸಾರ ಹೂಡಿವೆ. ಕನ್ನಡದ ಕಿವಿ ಈ ಎರಡನ್ನು ಎಂದೂ ಗೊಂದಲ ಮಾಡಿಕೊಂಡಿಲ್ಲ.

ಬಡಿಯುವ ಗರದ ಮೂಲ ಸುಲಭ. ಸಂಸ್ಕೃತದ ಗ್ರಹ, ಒತ್ತಕ್ಷರದ ನಡುವೆ ಸ್ವರವೊಂದು ನುಸುಳಿ, ಕೊನೆಯ ಹಕಾರ ಸವೆದು, ಗರವಾಯಿತು. ಶ್ರೀಯು ಸಿರಿಯಾದದ್ದು, ಯತ್ನವು ಜತನವಾದದ್ದು ಹೀಗೆಯೇ. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಓದಿದವರಿಗೆ ಈ ದಾರಿ ಹೊಸದಲ್ಲ. ಗ್ರಹ ಎಂದರೆ ಹಿಡಿ ಎಂಬ ಧಾತುವಿನಿಂದ ಹುಟ್ಟಿದ್ದು: ಆಕಾಶದಲ್ಲಿ ನಿಂತು ನಮ್ಮನ್ನು ಹಿಡಿಯುವುದು ಗ್ರಹ, ಸೂರ್ಯಚಂದ್ರರನ್ನು ರಾಹು ಹಿಡಿದದ್ದು ಗ್ರಹಣ, ಹಳ್ಳಿಯ ಬಾಯಲ್ಲಿ ಅದು ಗ್ರಾಣ, ಗ್ರಹಚಾರವು ಗಾಚಾರ. ಧಾತು ಒಂದೇ ಆದರೂ ಉಪಸರ್ಗ ಹತ್ತಿದಂತೆಲ್ಲ ಹಿಡಿತದ ಬಗೆ ಬೇರೆಯಾಗುತ್ತದೆ. ದೇವರು ಒಲಿದು ಹಿಡಿದರೆ ಅನುಗ್ರಹ, ಮಣಿಸಿ ಹಿಡಿದರೆ ನಿಗ್ರಹ, ಬಿಡದೆ ಹಿಡಿದರೆ ಆಗ್ರಹ, ಒಂದೊಂದಾಗಿ ಹಿಡಿದು ಕೂಡಿಟ್ಟರೆ ಸಂಗ್ರಹ. ಈ ಕೊನೆಯದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೀಳುವ ಗರದ ದಾರಿ ತುಸು ಸುತ್ತು. ಸಂಸ್ಕೃತದಲ್ಲಿ ಗ್ಲಹ ಎಂಬ ಪದವಿದೆ. ಪಾಣಿನಿ ಅದಕ್ಕೆಂದೇ ಒಂದು ಸೂತ್ರ ಬರೆದಿದ್ದಾನೆ: ಗ್ರಹ ಧಾತುವಿನಿಂದ ಬರುವ ಪದ, ಜೂಜಿನ ಸಂದರ್ಭದಲ್ಲಿ ಮಾತ್ರ, ರಕಾರ ಬಿಟ್ಟು ಲಕಾರ ತೊಟ್ಟು ಗ್ಲಹವಾಗುತ್ತದೆ. ಎರಡೂವರೆ ಸಾವಿರ ವರ್ಷಗಳಷ್ಟು ಹಿಂದೆ ಜೂಜುಕಟ್ಟೆಯ ಉಚ್ಚಾರವೊಂದಕ್ಕೆ ವ್ಯಾಕರಣದಲ್ಲಿ ಪ್ರತ್ಯೇಕ ಮಣೆ ಹಾಕಿದ ಆ ಸೂಕ್ಷ್ಮಗ್ರಾಹಿಗೆ ನಾವೆಲ್ಲ ಕೈಮುಗಿಯಬೇಕು. ಅಮರಸಿಂಹ ಗ್ಲಹವೆಂದರೆ ಪಣ ಎನ್ನುತ್ತಾನೆ. ಗೆದ್ದವನು ಹಿಡಿದುಕೊಂಡು ಹೋಗುವುದು ಎಂದು ಅರ್ಥ. ಪಣದಿಂದ ಎಸೆತಕ್ಕೆ, ಎಸೆತದಿಂದ ಬಿದ್ದ ಎಣಿಕೆಗೆ ಅರ್ಥ ಸರಿದದ್ದು ಒಂದೊಂದೇ ಮೆಟ್ಟಿಲು. ರಲಗಳಿಗೆ ಭೇದವಿಲ್ಲವೆಂಬ ಹಳೆಯ ಮಾತನ್ನು ನಂಬಿದರೆ ಕನ್ನಡದ ಜಗಲಿ ಈ ಲಕಾರವನ್ನು ಮತ್ತೆ ರಕಾರಕ್ಕೆ ತಂದು, ಪಾಣಿನಿ ಬೇರೆ ಮಾಡಿಟ್ಟ ಅಣ್ಣತಮ್ಮಂದಿರನ್ನು ಒಂದೇ ಹೆಸರಿನಲ್ಲಿ ಕೂಡಿಸಿತು ಎಂದೇ ನನಗೆ ಕಾಣುತ್ತದೆ. ಗರಗರ ತಿರುಗುವುದರ ಗರಕ್ಕೂ ಇದಕ್ಕೂ ನಂಟಿಲ್ಲ. ಅದು ಸದ್ದಿನಿಂದ ಹುಟ್ಟಿದ್ದು.

ಮೂರನೆಯ ಗರವೊಂದನ್ನು ಮಾತ್ರ ಬಿಡುವಂತಿಲ್ಲ: ವಿಷ. ಇದು ನುಂಗು ಎಂಬರ್ಥದ ಬೇರೆ ಧಾತುವಿನ ಮಗು, ಗರಳದ ಒಡಹುಟ್ಟು. ಮಾತಿನಲ್ಲಿ ಅಪರೂಪ, ಕಾವ್ಯದಲ್ಲಿ ಉಂಟು.

ಅರ್ಥ ಬೇರೆಯಾದ ಈ ಮೂರೂ ಒಂದೇ ಕತೆಯಲ್ಲಿ ಸೇರುವ ಸೋಜಿಗವೊಂದಿದೆ. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರ ಮನೆಮನೆಗೆ ಬಂದ ಕತೆಯನ್ನು ವ್ಯಾಸಭಾರತದ ವನಪರ್ವದಲ್ಲಿ ಓದಿ ನೋಡಿ. ದಮಯಂತಿ ನಳನನ್ನು ವರಿಸಿದ್ದಕ್ಕೆ ಮುನಿದ ಕಲಿ, ಹನ್ನೆರಡು ವರ್ಷ ಕಾದು, ಕಾಲು ತೊಳೆಯದೆ ಸಂಧ್ಯೆಗೆ ಕುಳಿತ ಒಂದು ಗಳಿಗೆಯಲ್ಲಿ ನಳನ ಮೈಹೊಕ್ಕ. ಅವನ ಜೊತೆಗಾರ ದ್ವಾಪರ ದಾಳಗಳೊಳಗೆ ಹೊಕ್ಕ. ಒಬ್ಬ ಆಡುವವನನ್ನು ಹಿಡಿದ, ಇನ್ನೊಬ್ಬ ಆಟದ ಕಾಳನ್ನು ಹಿಡಿದ. ಗರ ಬಡಿದವನಿಗೆ ಗರ ಬೀಳಲಿಲ್ಲ. ಕೃತ, ತ್ರೇತಾ, ದ್ವಾಪರ, ಕಲಿ ಎಂಬ ಯುಗಗಳ ಹೆಸರೆಲ್ಲ ಮೊದಲು ದಾಳದ ಎಸೆತಗಳ ಹೆಸರೇ ಎಂಬುದನ್ನು ಬಲ್ಲವರಿಗೆ, ಸೋಲುವ ಗರವೇ ದೇಹ ತಾಳಿ ರಾಜನನ್ನು ಬಡಿಯುವ ಈ ಪ್ರಸಂಗ ಮೈನವಿರೇಳಿಸುತ್ತದೆ. ಮುಂದೆ ಕಾರ್ಕೋಟಕನೆಂಬ ಹಾವು ನಳನನ್ನು ಕಚ್ಚುತ್ತಾನೆ. ಅವನ ವಿಷ ಸುಡುವುದು ನಳನನ್ನಲ್ಲ, ಒಳಗಿರುವ ಕಲಿಯನ್ನು. ಗರಕ್ಕೆ ಗರವೇ ಮದ್ದಾಯಿತು. ಋತುಪರ್ಣ ರಾಜನಿಂದ ದಾಳದ ಮರ್ಮವಾದ ಅಕ್ಷಹೃದಯ ಕಲಿತ ಗಳಿಗೆಯಲ್ಲಿ ಕಲಿ ಆ ವಿಷವನ್ನು ಕಾರಿ ಹೊರಬಂದು ಎದುರಿನ ಮರವೊಂದನ್ನು ಹೊಗುತ್ತಾನೆ. ಯಾವ ಮರ? ವಿಭೀತಕ, ನಮ್ಮ ತಾರೆಮರ. ವೇದಕಾಲದಲ್ಲಿ ಜೂಜಾಡುತ್ತಿದ್ದದ್ದೇ ಆ ಮರದ ಕಾಯಿಗಳಲ್ಲಿ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ಕಾಡಿನಲ್ಲಿ ಅದು ಇಂದಿಗೂ ಬೆಳೆಯುತ್ತದೆ. ಅಳಲೆ, ನೆಲ್ಲಿಗಳ ಜೊತೆ ಕೂಡಿ ತ್ರಿಫಲೆಯಾಗುವ ಅದರ ಕಾಯಿಗೆ ಒಂದು ಕಾಲದಲ್ಲಿ ರಾಜ್ಯಗಳನ್ನೇ ಉರುಳಿಸುವ ಕೆಲಸವಿತ್ತು.

ನಮ್ಮ ಹಳೆಯ ಕವಿಗಳು ಆಟವನ್ನು ನೆತ್ತ ಎಂದರು, ಲೆತ್ತ ಎಂದೂ ಅಂದರು. ಭಾನುಮತಿ ಯಾರೊಡನೆ ನೆತ್ತವಾಡಿದಳು, ಕರ್ಣನೊಡನೆಯೋ ದುರ್ಯೋಧನನೊಡನೆಯೋ ಎಂದು ಪಂಪನ ಒಂದು ಪದ್ಯದ ಮೇಲೆ ವಿದ್ವಾಂಸರು ನಡೆಸಿದ ವಾದ ಎಲ್ಲರಿಗೂ ಗೊತ್ತೇ ಇದೆ. ಕುಮಾರವ್ಯಾಸನಲ್ಲಿ ದಾಳ ಹಾಸಂಗಿಯಾಗುತ್ತದೆ, ದ್ಯೂತವು ಜೂದು, ಜೂಜು ಆಗುತ್ತದೆ. ಇಲ್ಲೇ ಕೊಳ್ಳೇಗಾಲಕ್ಕೆ ವಿಶೇಷವಾದ ಮತ್ತೊಂದು ಮಾತನ್ನು ಹೇಳಿಬಿಡಬೇಕು. 1956ರವರೆಗೆ ಈ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರಿನ ಆಚೆ ಮಾರ್ಟಳ್ಳಿಯ ಕಡೆ ಇಂದಿಗೂ ತಮಿಳು ಮನೆಮಾತಿನ ಜನರಿದ್ದಾರೆ. ತಮಿಳಿನಲ್ಲಿ ಆಟದ ಹೆಸರೇ ತಾಯ. ಒಂದು ಬಿದ್ದರೆ ಅದೂ ತಾಯ, ಅದು ಬಿದ್ದರೆ ಮಾತ್ರ ಕಾಯಿ ಹೊರಡುವುದು. ಇದು ಸಂಸ್ಕೃತದ ದಾಯ, ಕೊಡು ಎಂಬ ಧಾತುವಿನದು, ದಾಯಾದಿಯಲ್ಲಿ ಇರುವುದೇ. ಅಂದರೆ ಒಂದೇ ಕವಡೆ ಉರುಳಿದಾಗ ಒಂದು ಭಾಷೆ ‘ಕೊಟ್ಟಿತು’ ಎನ್ನುತ್ತದೆ, ಇನ್ನೊಂದು ‘ಹಿಡಿಯಿತು’ ಎನ್ನುತ್ತದೆ. ಕೊಡುವ ದಾಯವೂ ಹಿಡಿಯುವ ಗರವೂ ಒಂದೇ ಸೀಮೆಯಲ್ಲಿ ಅಕ್ಕಪಕ್ಕ ಕುಳಿತಿವೆ.

ಇಷ್ಟೆಲ್ಲ ಗರ ನನ್ನ ತಲೆ ಹೊಕ್ಕದ್ದು ದೂರದ ಆಟವೊಂದರ ಹಳೆಯ ಪುಸ್ತಕಗಳನ್ನು ಓದುವಾಗ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂತು. ಒಂದು ಪೆಟ್ಟಿಗೆ, ಒಳಗೆ ಮೂರು ತೆಳು ಪುಸ್ತಿಕೆ, ಮೊದಲ ಮುದ್ರಣ ಸಾವಿರ ಪ್ರತಿ. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬ ವೀರನ, ಮಾಂತ್ರಿಕನ ಪಾತ್ರ ವಹಿಸಿ ಮಾತಿನಲ್ಲೇ ಗುಹೆ ಹೊಗುತ್ತಾರೆ, ಒಬ್ಬರು ಕತೆ ನಡೆಸುತ್ತಾರೆ, ಸಂದೇಹ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ನುಡಿಯುವುದಕ್ಕೂ ಆಟಕ್ಕೂ ‘ಆಡು’ ಎಂಬ ಒಂದೇ ಧಾತು ಇಟ್ಟುಕೊಂಡ ಕನ್ನಡಕ್ಕೆ ಇಂಥ ಆಟ ಹೊರಗಿನದೆನಿಸಬೇಕಾಗಿಲ್ಲ. ಮಾದಪ್ಪ ಹುಲಿಯೇರಿ ಬಂದು, ದೇವತೆಗಳನ್ನು ಸೆರೆಯಿಟ್ಟ ಶ್ರವಣದೊರೆಯನ್ನು ಅರಗಿನ ಪಾದುಕೆಯ ಉಪಾಯದಿಂದ ಕೊಂದ ಕತೆಯನ್ನು ಕಂಸಾಳೆಯವರ ಬಾಯಲ್ಲಿ ಸಾಲು ಸಾಲಾಗಿ ಕೇಳಿದವರಿಗೆ, ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರಲು ಹೊರಟ ಸಿದ್ದಪ್ಪಾಜಿಯ ಪವಾಡಗಳನ್ನು ಚಿಕ್ಕಲ್ಲೂರಿನ ನೀಲಗಾರರಿಂದ ಕೇಳಿದವರಿಗೆ, ಕತೆಯ ಧಾಟಿ ಪರಿಚಿತವೇ.

ಆ ಆಟ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತ ಬಂತು. 1977ರಲ್ಲಿ ಎರಿಕ್ ಹೋಮ್ಸ್ ತಿದ್ದಿದ ಆರಂಭಿಕರ ಪೆಟ್ಟಿಗೆ, ಅದೇ ವರ್ಷದಿಂದ 1979ರವರೆಗೆ ಬಂದ ದಪ್ಪ ಸಂಪುಟಗಳು, 1981 ಮತ್ತು 1983ರ ಹೊಸ ಪೆಟ್ಟಿಗೆಗಳು. 1997ರಲ್ಲಿ ಮೂಲ ಕಂಪನಿಯೇ ಬೇರೆಯವರ ಕೈಸೇರಿತು. ಆದರೂ ಹೊಸದನ್ನು ಬದಿಗಿಟ್ಟು ಹಳೆಯದನ್ನೇ ಆಡುವ ಒಂದು ದೊಡ್ಡ ಬಳಗ ಜಗತ್ತಿನಾದ್ಯಂತ ಇದೆ. ಹಳೆಯ ಪ್ರತಿಗಳ ಸಂಗ್ರಹ ಅವರ ಒಂದು ವ್ಯಸನ. ಪ್ರತಿ ಸಿಗದವರಿಗಾಗಿ ಹಳೆಯ ನಿಯಮಗಳನ್ನೇ ಹೊಸ ಮಾತಿನಲ್ಲಿ ಬರೆದು ಹಂಚುವುದು ಇನ್ನೊಂದು, 2006ರ ‘ಆಸ್ರಿಕ್’ ಅಂಥದು. ಆವೃತ್ತಿ ಎಂಬ ಪದಕ್ಕೆ ಮೊದಲ ಅರ್ಥ ಮರಳಿ ಬರುವುದು. ಆ ಅರ್ಥಕ್ಕೆ ಇವರಷ್ಟು ನಿಷ್ಠರು ಬೇರಾರೂ ಇಲ್ಲ.

ಏಕೆ ಮರಳುತ್ತಾರೆ? ಮುಪ್ಪಿನ ನೆನಪಿನ ಮೋಹ ಎಂದುಬಿಡುವುದು ಅನ್ಯಾಯ. ಹಳೆಯ ಪೆಟ್ಟಿಗೆ ಬಂದಾಗ ಹುಟ್ಟಿಯೇ ಇರದವರೂ ಆ ಬಳಗದಲ್ಲಿದ್ದಾರೆ. ನನಗೆ ಕಾಣುವ ಕಾರಣ ಗರವೇ. ಹಳೆಯ ನಿಯಮದಲ್ಲಿ ಪಾತ್ರದ ಬಲ, ಬುದ್ಧಿ, ವಿವೇಕಗಳಿಗೆ ಮೂರು ಮೂರು ದಾಳ ಉರುಳಿಸಿ, ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆದುಕೊಳ್ಳಬೇಕು. ಮಾಂತ್ರಿಕನಾಗಬೇಕೆಂದು ಬಯಸಿ ಕುಳಿತವನಿಗೆ ಬುದ್ಧಿಗೆ ಆರು, ಬಲಕ್ಕೆ ಹದಿನಾರು ಬಿದ್ದರೆ ಅವನು ಖಡ್ಗ ಹಿಡಿಯುವುದೇ ಮೇಲು, ಆ ಅನಿರೀಕ್ಷಿತ ವೀರನನ್ನೇ ಪ್ರೀತಿಸಲು ಕಲಿಯಬೇಕು. ಈಚಿನ ಆವೃತ್ತಿಗಳಲ್ಲಿ ಅಂಕಗಳನ್ನು ತನಗೆ ಬೇಕಾದಂತೆ ಹಂಚಿಕೊಂಡು ಪಾತ್ರ ಕಟ್ಟುವ ದಾರಿಯೂ ಇದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅಲ್ಲಿ ಗರ ಇಲ್ಲ, ದಾಯ ಇದೆ. ಹಳೆಯದರಲ್ಲಿ ದಾಳ ಆಡುವವನನ್ನು ಹಿಡಿಯುತ್ತದೆ.

ಆ ಪುಸ್ತಕಗಳ ಒಳಹೊಕ್ಕರೆ ಇನ್ನೂ ಬೆರಗು. ಪಾತ್ರ ಸಾವಿನ ಬಾಯಿಗೆ ಬಂದಾಗ ಉಳಿವಿಗಾಗಿ ಹಾಕುವ ‘ಸೇವಿಂಗ್ ಥ್ರೋ’ ಎಂಬ ಎಸೆತವೊಂದಿದೆ. 1974ರ ಪಟ್ಟಿಯಲ್ಲಿ ಅದರ ಮೊದಲ ಅಂಕಣದಲ್ಲೇ ವಿಷ ಕುಳಿತಿದೆ. ವಿಷ ಸೋಕಿದವನು ಇಪ್ಪತ್ತು ಮುಖದ ದಾಳದಲ್ಲಿ ಹೇಳಿದಷ್ಟು ಕೆಡವಬೇಕು, ಇಲ್ಲವಾದರೆ ವಿಷ ಪೂರ್ತಿ ಏರುತ್ತದೆ. ಅದೇ ಪುಸ್ತಕಗಳ ಮಂತ್ರಗಳಲ್ಲಿ ‘ಹೋಲ್ಡ್ ಪರ್ಸನ್’ ಎಂಬುದೊಂದು: ಮಂತ್ರ ತಗುಲಿದವನು ನಿಂತಲ್ಲೇ ನಿಶ್ಚಲ. ಅದನ್ನು ಕನ್ನಡದಲ್ಲಿ ಗರ ಬಡಿಯುವುದು ಎನ್ನದೆ ಬೇರೆ ಏನೆನ್ನಬೇಕು? ಅದರಿಂದ ತಪ್ಪಿಸಿಕೊಳ್ಳಲು ಹಾಕುವುದೂ ಗರವೇ. ವಿಷದ ಗರ, ಬಡಿದ ಗರ, ಬಿದ್ದ ಗರ ಮೂರೂ ನಳನ ಕತೆಯ ನಂತರ ಮತ್ತೆ ಒಂದು ಪೆಟ್ಟಿಗೆಯಲ್ಲಿ ಸೇರಿವೆ.

ದಾಳಗಳನ್ನೂ ಒಮ್ಮೆ ಹತ್ತಿರದಿಂದ ನೋಡೋಣ. ಆ ಕಾಲದ ಪ್ಲಾಸ್ಟಿಕ್ ದಾಳಗಳ ಮುಖದಲ್ಲಿ ಅಂಕಿ ಕೊರೆದಿತ್ತೇ ಹೊರತು ಬಣ್ಣ ತುಂಬಿರಲಿಲ್ಲ. ಪೆಟ್ಟಿಗೆಯಲ್ಲಿಟ್ಟ ಮೇಣದ ಬಳಪವನ್ನು ಅಂಕಿಯ ಮೇಲೆ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿದರೆ ಬಿಳಿ ಅಂಕಿ ಮೂಡುತ್ತಿತ್ತು. ಕವಡೆ ಇಲ್ಲದ ನಮ್ಮ ಮನೆಗಳಲ್ಲಿ ಹುಣಸೆಬೀಜವನ್ನು ಕಲ್ಲಿನ ಮೇಲೆ ಒಂದು ಮಗ್ಗುಲು ತೇದು, ಕಂದು ಸಿಪ್ಪೆ ಸವೆದು ಬಿಳಿ ಕಾಣುವವರೆಗೆ ಉಜ್ಜಿ ಆಡುತ್ತಾರೆ. ಎರಡು ಕಡೆಯಲ್ಲೂ ಗರ ಓದಲು ಬರಬೇಕಾದರೆ ಮೊದಲು ಕೈ ಸವೆಸಬೇಕು. 1979ರಲ್ಲಿ ದಾಳಗಳ ಕೊರತೆಯಾದಾಗ ಪೆಟ್ಟಿಗೆಯಲ್ಲಿ ಅಂಕಿ ಅಚ್ಚಾದ ರಟ್ಟಿನ ಚೀಟಿಗಳನ್ನಿಟ್ಟು, ಎತ್ತಿ ಆಡಿ ಎಂದರಂತೆ; ಆಗ ಗರ ಬೀಳುವುದನ್ನು ಬಿಟ್ಟು ಕೈಗೆ ಬರತೊಡಗಿತು. ಮೃದು ಪ್ಲಾಸ್ಟಿಕ್ಕಿನ ಆ ದಾಳಗಳು ಆಡಿ ಆಡಿ ಮೂಲೆ ಸವೆದು ಗೋಲಿಯಂತಾದದ್ದನ್ನು ಅಭಿಮಾನಿಗಳು ಇಂದಿಗೂ ಜೋಪಾನ ಮಾಡಿದ್ದಾರೆ.

ಬೆಂಗಳೂರಿನಲ್ಲಿ ಈ ಆಟ ಆಡುವ ಗುಂಪುಗಳಿವೆ. ಕನ್ನಡದಲ್ಲಿ ಆಡಲು ಹೊರಟವರಿಗೆ ಪರಿಭಾಷೆ ಬೇಕಾಗುತ್ತದೆ. ‘ಥ್ರೋ’ ಎಂಬುದಕ್ಕೆ ಎಸೆತ ಎಂದರೆ ಕೈಯ ಕೆಲಸ ಮಾತ್ರ ಕಾಣುತ್ತದೆ, ಬಿದ್ದ ಫಲ ಕಾಣುವುದಿಲ್ಲ. ಗರ ಎಂದರೆ ಎರಡೂ ಬಂತು. ಉಳಿವಿನ ಎಸೆತಕ್ಕೆ ಉಳಿಗರ ಎನ್ನಬಹುದಿತ್ತು, ಆದರೆ ಬಡಗಿಯ ಉಳಿ ನಡುವೆ ಬಂದು ನಿಲ್ಲುತ್ತದೆ. ತಡೆಗರ ಎಂದರೆ ಎದುರಾಳಿಯನ್ನು ತಡೆದಂತಾಗುತ್ತದೆ. ಕಾಪುಗರ ನನಗೆ ಒಪ್ಪಿಗೆ: ಕಾಪು ಎಂಬುದು ಹಳಗನ್ನಡದ ಮಾತಾದರೂ ಕಾಪಾಡು ಎಂಬುದರಲ್ಲಿ ದಿನವೂ ನಾಲಗೆಯ ಮೇಲಿದೆ, ಗರದ ಜೊತೆ ಸಮಾಸವಾದಾಗ ಒರಟೂ ಅಲ್ಲ, ಬಡಿದ ಗರದಿಂದ ಕಾಯುವುದೆಂದೂ ಬಿದ್ದು ಕಾಯುವ ಗರವೆಂದೂ ಎರಡು ಕಡೆಗೂ ಬಿಡಿಸಬಹುದು. ಕತೆ ನಡೆಸುವವರು ‘ಹಾವು ಕಚ್ಚಿತು, ಕಾಪುಗರ ಹಾಕಿ’ ಎಂದರೆ ಕೊಳ್ಳೇಗಾಲದ ಯಾವ ಅಜ್ಜಿಗೂ ಮುಂದೇನು ಮಾಡಬೇಕೆಂದು ಬಿಡಿಸಿ ಹೇಳಬೇಕಾಗುವುದಿಲ್ಲ.