ದೂರು ಮೊದಲು ತಲುಪುವ ಜಾಗ

2017ರ ಸೆಪ್ಟೆಂಬರ್ 21ರ ಸಂಜೆ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ ಹಾಸ್ಟೆಲಿಗೆ ಮರಳುತ್ತಿದ್ದ ವಿದ್ಯಾರ್ಥಿನಿಗೆ ಬೈಕಿನಲ್ಲಿ ಬಂದವರು ಲೈಂಗಿಕ ಕಿರುಕುಳ ಕೊಟ್ಟರು. ಹತ್ತಿರದಲ್ಲೇ ಇದ್ದ ಕಾವಲುಗಾರರು ನೆರವಿಗೆ ಬರಲಿಲ್ಲ, ದೂರು ಹೇಳಿದರೆ ‘ಇಷ್ಟು ಹೊತ್ತು ಹೊರಗೇಕಿದ್ದೆ’ ಎಂಬ ಪ್ರಶ್ನೆ ಎದುರಾಯಿತು ಎಂಬುದು ವಿದ್ಯಾರ್ಥಿನಿಯರ ಆರೋಪ. ಮರುದಿನ ಅವರು ಲಂಕಾ ಬಡಾವಣೆಯ ಸಿಂಹದ್ವಾರದಲ್ಲಿ ಧರಣಿ ಕೂತರು. 23ರ ರಾತ್ರಿ ಪೊಲೀಸರು ಲಾಠಿ ಬೀಸಿದರು.

ನಿಯಮಗಳಿಗೇನೂ ಕೊರತೆ ಇರಲಿಲ್ಲ. ರಾಜಸ್ಥಾನದ ಭಂವರಿ ದೇವಿ ಪ್ರಕರಣದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ಮಾರ್ಗಸೂಚಿ ನೀಡಿತ್ತು. 2013ರ ಕಾಯ್ದೆ ಆಂತರಿಕ ಸಮಿತಿಯನ್ನು ಕಡ್ಡಾಯ ಮಾಡಿ, ವಿಚಾರಣೆಗೆ 90 ದಿನಗಳ ಗಡುವು ಹಾಕಿತ್ತು. 2016ರ ಮೇ ತಿಂಗಳಲ್ಲಿ ಪ್ರಕಟವಾದ ಯುಜಿಸಿ ನಿಯಮಾವಳಿ ಅಧ್ಯಯನ ಪ್ರವಾಸ, ಶಿಬಿರ, ಕ್ರೀಡಾಕೂಟಗಳ ಜಾಗವನ್ನೂ ‘ಆವರಣ’ಕ್ಕೆ ಸೇರಿಸಿತ್ತು. ಶಾಲಾ ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಇನ್ನೂ ಬಿಗಿ: ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಶಿಕ್ಷಾರ್ಹ.

ಆದರೆ ಸಮಿತಿಯ ಕೆಲಸ ಶುರುವಾಗುವುದು ಲಿಖಿತ ದೂರು ಬಂದ ಮೇಲೆ. ಅದಕ್ಕೂ ಮೊದಲು ನೊಂದವರು ಹೇಳಿಕೊಳ್ಳುವುದು ಕಾವಲುಗಾರನಿಗೆ, ವಾರ್ಡನ್‌ಗೆ, ಶಿಬಿರದ ಮೇಲ್ವಿಚಾರಕರಿಗೆ. ಸಿಬ್ಬಂದಿಗೆ ಅರಿವಿನ ಕಾರ್ಯಾಗಾರ ನಡೆಸಬೇಕೆಂದು 2013ರ ಕಾಯ್ದೆ ಹೇಳುವುದು ಇದಕ್ಕಾಗಿಯೇ. ಅಲ್ಲಿ ಸಿಗುವ ಮೊದಲ ಉತ್ತರ ಬೈಗುಳವಾದರೆ ದೂರು ಸಮಿತಿಯವರೆಗೆ ಹೋಗುವುದೇ ಇಲ್ಲ.

ಲಾಠಿ ಪ್ರಹಾರದ ಬಳಿಕ ಮುಖ್ಯ ಪ್ರಾಕ್ಟರ್ ರಾಜೀನಾಮೆ ಕೊಟ್ಟರು. 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು, ರೊಯಾನಾ ಸಿಂಗ್, ಆ ಹುದ್ದೆಗೆ ಬಂದರು. ಧರಣಿ ಕೂತವರು ಕೇಳಿದ್ದು ದಾರಿಗೆ ದೀಪ, ಹೊಣೆ ಹೊರುವ ಕಾವಲು. ಎರಡೂ ಮೊದಲೇ ಇರಬೇಕಾದವು.